ಡಾ. ಎಂ.ಕೆ. ವೈನು ಬಾಪು (1927–1982): ಜೀವನ, ಸಾಧನೆ ಹಾಗೂ ಪ್ರತಿಫಲನ ದೂರದರ್ಶಕದ ಆಯ್ಕೆ

ಪೀಠಿಕೆ

ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂತಹ ಊರುಗಳಲ್ಲಿ ಮಳೆಗಾಲ ಮುಗಿದ ನಂತರ ಆಕಾಶವು ಸ್ವಚ್ಛವಾಗಿ ಕಾಣುತ್ತದೆ. ಇಂತಹ ಆಕಾಶವನ್ನು ನೋಡಿದ ಅನೇಕ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ದೂರದರ್ಶಕವೊಂದನ್ನು ಕೊಳ್ಳಬೇಕೆಂಬ ಆಸೆ ಹುಟ್ಟುವುದು ಸಹಜ. ಆಗ ಎದುರಾಗುವ ಪ್ರಶ್ನೆಗಳು ಹಲವು: ಮಸೂರದ ದೂರದರ್ಶಕವೋ, ಕನ್ನಡಿಯ ದೂರದರ್ಶಕವೋ, ಚಿಕ್ಕದೋ, ದೊಡ್ಡದೋ, ಸಿದ್ಧಪಡಿಸಿದ್ದನ್ನು ಕೊಳ್ಳುವುದೋ, ತಾವೇ ಮಾಡಿಕೊಳ್ಳುವುದೋ. ಇವೇ ಪ್ರಶ್ನೆಗಳನ್ನು ಇಡೀ ದೇಶದ ಪರವಾಗಿ ಎದುರಿಸಿ, ಉತ್ತರವನ್ನು ಗಾಜು ಮತ್ತು ಉಕ್ಕಿನಲ್ಲಿ ರೂಪಿಸಿದ ವಿಜ್ಞಾನಿ ಡಾ. ಮನಾಲಿ ಕಲ್ಲಟ್ ವೈನು ಬಾಪು ಅವರು. ಆಧುನಿಕ ಭಾರತೀಯ ಖಗೋಳ ವಿಜ್ಞಾನದ ಪಿತಾಮಹರೆಂದು ಗೌರವಿಸಲ್ಪಡುವ ಬಾಪು ಅವರ ಜೀವನದ ಪರಿಚಯವನ್ನೂ, ಅದರಿಂದ ಹವ್ಯಾಸಿ ವೀಕ್ಷಕರು ಪಡೆಯಬಹುದಾದ ತಿಳಿವಳಿಕೆಯನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ವೈನು ಬಾಪು ಅವರು 1927ರ ಆಗಸ್ಟ್ 10ರಂದು ಚೆನ್ನೈ ನಗರದಲ್ಲಿ ಜನಿಸಿದರು. ಅವರ ಮನೆತನವು ಕೇರಳದ ಕಣ್ಣೂರು ಪ್ರದೇಶಕ್ಕೆ ಸೇರಿದ್ದು. ತಂದೆಯವರು ಹೈದರಾಬಾದಿನ ನಿಜಾಮಿಯಾ ಖಗೋಳ ವೀಕ್ಷಣಾಲಯದಲ್ಲಿ ಸೇವೆಯಲ್ಲಿದ್ದರು. ತಂದೆ-ತಾಯಿಗೆ ಒಬ್ಬನೇ ಮಗನಾಗಿದ್ದ ಬಾಪು ಅವರ ಬಾಲ್ಯ ಮತ್ತು ಆರಂಭದ ವಿದ್ಯಾಭ್ಯಾಸವು ಹೈದರಾಬಾದಿನಲ್ಲೇ ನಡೆಯಿತು. ಓದಿನ ಜೊತೆಗೆ ಚಿತ್ರಕಲೆ ಮತ್ತು ಕಾವ್ಯಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಆದರೆ ತಂದೆಯ ಕೆಲಸದ ಸ್ಥಳವೇ ವೀಕ್ಷಣಾಲಯವಾಗಿದ್ದುದರಿಂದ ಎಳೆಯ ವಯಸ್ಸಿನಲ್ಲಿಯೇ ಅವರ ಮನಸ್ಸು ನಕ್ಷತ್ರಗಳ ಕಡೆಗೆ ಹರಿಯಿತು.

ನಿಜಾಮಿಯಾ ವೀಕ್ಷಣಾಲಯ ಮತ್ತು ಬೀದರ್ ಸೀಮೆ

ಬಾಪು ಅವರ ಜೀವನವನ್ನು ತಿಳಿಯಲು ನಿಜಾಮಿಯಾ ವೀಕ್ಷಣಾಲಯದ ಪರಿಚಯ ಅಗತ್ಯ. 1901ರಲ್ಲಿ ಹೈದರಾಬಾದಿನ ಶ್ರೀಮಂತರಾದ ನವಾಬ್ ಜಾಫರ್ ಜಂಗ್ ಅವರು ಸ್ವಂತ ಆಸಕ್ತಿಯಿಂದ ಇದನ್ನು ಆರಂಭಿಸಿದರು. ಅವರು ವೃತ್ತಿಯಿಂದ ವಿಜ್ಞಾನಿಗಳಲ್ಲ, ಹವ್ಯಾಸಿಗಳು. 15 ಅಂಗುಲ, ಅಂದರೆ 38 ಸೆಂ.ಮೀ. ವ್ಯಾಸದ ಮಸೂರವುಳ್ಳ ಗ್ರಬ್ ದೂರದರ್ಶಕವನ್ನು ಅವರು ವಿದೇಶದಿಂದ ತರಿಸಿದರು. ಅವರ ನಿಧನದ ನಂತರ, 1908ರಲ್ಲಿ, ವೀಕ್ಷಣಾಲಯವನ್ನು ನಿಜಾಮ್ ಸರ್ಕಾರವು ವಹಿಸಿಕೊಂಡಿತು. ಬೇಗಂಪೇಟೆಯಲ್ಲಿ ನೆಲೆಗೊಂಡ ಈ ಸಂಸ್ಥೆಯು ಇಡೀ ಆಕಾಶದ ನಕ್ಷೆಯನ್ನು ಛಾಯಾಚಿತ್ರಗಳ ಮೂಲಕ ಸಿದ್ಧಪಡಿಸುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಭಾಗವಹಿಸಿ, ಲಕ್ಷಾಂತರ ನಕ್ಷತ್ರಗಳ ಸ್ಥಾನವನ್ನು ಅಳೆದು ದಾಖಲಿಸಿತು. 1919ರಲ್ಲಿ ಇದು ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧೀನಕ್ಕೆ ಬಂದಿತು.

ಆ ಕಾಲದಲ್ಲಿ ಬೀದರ್ ಜಿಲ್ಲೆಯೂ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಭಾಲ್ಕಿ, ಔರಾದ್, ಬೀದರ್ ಭಾಗಗಳ ರೈತರು ಕಟ್ಟಿದ ಕಂದಾಯವು ಸೇರುತ್ತಿದ್ದುದು ಹೈದರಾಬಾದಿನ ಖಜಾನೆಗೇ. ಆ ಖಜಾನೆಯಿಂದ ನಡೆದ ವೀಕ್ಷಣಾಲಯದಲ್ಲಿ ಈ ವಿಜ್ಞಾನಿಯ ಆಸಕ್ತಿಯು ಬೆಳೆಯಿತು. ಮುಂದೆ ಅವರ ಉನ್ನತ ವ್ಯಾಸಂಗಕ್ಕೂ ಅದೇ ರಾಜ್ಯದ ಸರ್ಕಾರ ನೆರವಾಯಿತು. ಆದ್ದರಿಂದ ಬಾಪು ಅವರ ಸಾಧನೆಯಲ್ಲಿ ಬೀದರ್ ಸೀಮೆಯ ಜನರಿಗೂ ಒಂದು ಪಾಲಿದೆ ಎಂದರೆ ತಪ್ಪಾಗಲಾರದು.

ಹವ್ಯಾಸಿ ವೀಕ್ಷಕರಾಗಿ

ವಿದ್ಯಾರ್ಥಿ ದೆಸೆಯಲ್ಲಿ ಬಾಪು ಅವರು ವೀಕ್ಷಿಸುತ್ತಿದ್ದುದು ಮುಖ್ಯವಾಗಿ ಬೆಳಕು ಏರಿಳಿಯುವ ನಕ್ಷತ್ರಗಳನ್ನು. ಇವುಗಳನ್ನು ಕನ್ನಡದಲ್ಲಿ ಚಂಚಲ ತಾರೆಗಳೆಂದು ಕರೆಯುವ ರೂಢಿಯಿದೆ. ಕೆಲವು ಚಂಚಲ ತಾರೆಗಳು ಕೆಲವೇ ದಿನಗಳಲ್ಲಿ, ಮತ್ತೆ ಕೆಲವು ವರ್ಷಕ್ಕೆ ಸಮೀಪವಾದ ಅವಧಿಯಲ್ಲಿ ಹೊಳೆದು ಮಂಕಾಗುತ್ತವೆ. ಅಂತಹ ನಕ್ಷತ್ರವೊಂದನ್ನು ಸುತ್ತಲಿನ ಸ್ಥಿರ ಪ್ರಕಾಶದ ನಕ್ಷತ್ರಗಳೊಂದಿಗೆ ಹೋಲಿಸಿ, ಅದರ ಅಂದಿನ ಪ್ರಕಾಶವನ್ನು ಅಂದಾಜು ಮಾಡಿ, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡುವುದೇ ಈ ವೀಕ್ಷಣೆಯ ಕ್ರಮ. ಇದಕ್ಕೆ ಬೇಕಾದುದು ದುಬಾರಿ ಉಪಕರಣಕ್ಕಿಂತ ಹೆಚ್ಚಾಗಿ ತಾಳ್ಮೆ, ಅಭ್ಯಾಸವಾದ ಕಣ್ಣು ಮತ್ತು ಬಿಡದೆ ಬರೆಯುವ ದಿನಚರಿ. ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ ಬಾಪು ಅವರು ಈ ವಿಷಯದಲ್ಲಿ ಲೇಖನಗಳನ್ನು ಪ್ರಕಟಿಸಿದರು. ನಂತರ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ಸ್ನಾತಕೋತ್ತರ ಪದವಿಯನ್ನು ಪಡೆದರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಬೇಗಂಪೇಟೆ ಮತ್ತು ಭಾತಂಬ್ರಾ ಊರುಗಳ ಅಕ್ಷಾಂಶಗಳಲ್ಲಿ ಸುಮಾರು ಒಂದು ಡಿಗ್ರಿಯಷ್ಟು ಮಾತ್ರ ವ್ಯತ್ಯಾಸವಿದೆ. ಎರಡೂ ಕಡೆ ಧ್ರುವ ನಕ್ಷತ್ರವು ಉತ್ತರ ದಿಗಂತದಿಂದ ಸುಮಾರು 17ರಿಂದ 18 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ಅಂದರೆ ಯುವಕ ಬಾಪು ನೋಡಿ ಕಲಿತ ನಕ್ಷತ್ರಗಳು ಬೀದರ್ ಜಿಲ್ಲೆಯ ಅಂಗಳಗಳ ಮೇಲೆಯೂ ಬಹುಮಟ್ಟಿಗೆ ಅದೇ ಎತ್ತರದಲ್ಲಿ ಹಾದುಹೋಗುತ್ತವೆ.

ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಧೂಮಕೇತುವಿನ ಶೋಧ

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದೊಂದಿಗೆ ಬಾಪು ಅವರು 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಗೆ ಹೋದ ಕೆಲವೇ ತಿಂಗಳುಗಳಲ್ಲಿ, 1949ರ ಜುಲೈ 2ರ ರಾತ್ರಿ ತಾವು ತೆಗೆದ ಆಕಾಶದ ಛಾಯಾಚಿತ್ರ ಫಲಕದಲ್ಲಿ ಅಪರಿಚಿತ ಕಾಯವೊಂದನ್ನು ಗುರುತಿಸಿದರು. ಅದು ಹೊಸ ಧೂಮಕೇತುವಾಗಿತ್ತು. ಅವರ ಪ್ರಾಧ್ಯಾಪಕ ಬಾರ್ಟ್ ಬೋಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರು ಶೋಧವನ್ನು ದೃಢಪಡಿಸಿಕೊಳ್ಳುವುದರಲ್ಲಿ ಹಾಗೂ ಕಕ್ಷೆಯ ಲೆಕ್ಕಾಚಾರದಲ್ಲಿ ಜೊತೆಗೂಡಿದರು. ಆದ್ದರಿಂದ ಅದಕ್ಕೆ ಬಾಪು-ಬೋಕ್-ನ್ಯೂಕರ್ಕ್ ಧೂಮಕೇತು ಎಂಬ ಹೆಸರು ಬಂದಿತು. ಈ ಶೋಧಕ್ಕಾಗಿ ಪೆಸಿಫಿಕ್ ಖಗೋಳ ಸಂಘವು ಡೊನ್ಹೋ ಧೂಮಕೇತು ಪದಕವನ್ನು ನೀಡಿತು. ಆಗ ಬಾಪು ಅವರಿಗೆ 22 ವರ್ಷವೂ ತುಂಬಿರಲಿಲ್ಲ. 1952ರಲ್ಲಿ ಅವರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿ ಲಭಿಸಿತು.

ಪಾಲೊಮಾರ್ ವೀಕ್ಷಣಾಲಯ ಮತ್ತು ವಿಲ್ಸನ್-ಬಾಪು ಪರಿಣಾಮ

ಅನಂತರ ಕಾರ್ನೆಗಿ ಫೆಲೋಶಿಪ್ ಪಡೆದು ಬಾಪು ಅವರು ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯಕ್ಕೆ ತೆರಳಿದರು. ಅಲ್ಲಿದ್ದ 200 ಅಂಗುಲ, ಅಂದರೆ ಐದು ಮೀಟರ್ ವ್ಯಾಸದ ಕನ್ನಡಿಯ ದೂರದರ್ಶಕವು ಅಂದಿನ ಪ್ರಪಂಚದಲ್ಲಿಯೇ ಅತಿ ದೊಡ್ಡದು. ಬೃಹತ್ ದೂರದರ್ಶಕಗಳೆಲ್ಲವೂ ಏಕೆ ಕನ್ನಡಿಯವು ಎಂಬುದನ್ನು ಇಲ್ಲಿ ತಿಳಿಯುವುದು ಉಪಯುಕ್ತ.

ಮಸೂರದ ದೂರದರ್ಶಕದಲ್ಲಿ ಬೆಳಕು ಗಾಜಿನ ಒಳಗಿನಿಂದ ಹಾದುಹೋಗಬೇಕು. ಆದ್ದರಿಂದ ಗಾಜಿನ ಒಳಗೆ ಗುಳ್ಳೆ, ಗೆರೆಗಳಿರಬಾರದು. ಬೇರೆ ಬೇರೆ ಬಣ್ಣದ ಬೆಳಕನ್ನು ಒಂದೇ ಬಿಂದುವಿಗೆ ತರಲು ಎರಡು ಮಸೂರಗಳನ್ನು ಜೋಡಿಸಬೇಕಾಗುವುದರಿಂದ ನಾಲ್ಕು ಮೇಲ್ಮೈಗಳನ್ನು ಉಜ್ಜಿ ನಯಗೊಳಿಸಬೇಕು. ಮಸೂರವನ್ನು ಅಂಚಿನಲ್ಲಿ ಮಾತ್ರ ಹಿಡಿದಿಡಲು ಸಾಧ್ಯವಾದ್ದರಿಂದ, ದೊಡ್ಡದಾದಷ್ಟೂ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಪ್ರತಿಫಲನ ದೂರದರ್ಶಕದಲ್ಲಿ ಈ ತೊಡಕುಗಳಿಲ್ಲ. ಬೆಳಕು ಕನ್ನಡಿಯ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಮುಖ್ಯ ಕನ್ನಡಿಯ ಒಂದು ಮೇಲ್ಮೈಯನ್ನು ಮಾತ್ರ ನಿಖರವಾಗಿ ರೂಪಿಸಿದರೆ ಸಾಕು. ಹಿಂಬದಿಯಿಂದ ಪೂರ್ಣ ಆಧಾರ ನೀಡಬಹುದು. ಕನ್ನಡಿಯಿಂದ ಬಣ್ಣಗಳು ಬೇರ್ಪಡುವುದೂ ಇಲ್ಲ. ಹೀಗಾಗಿ ಒಂದೇ ವ್ಯಾಸಕ್ಕೆ ಹೋಲಿಸಿದಲ್ಲಿ ಕನ್ನಡಿಯ ದೂರದರ್ಶಕಕ್ಕೆ ತಗಲುವ ವೆಚ್ಚವು ಕಡಿಮೆ. ಈ ಲೆಕ್ಕವು ಪಾಲೊಮಾರ್ ಬೆಟ್ಟಕ್ಕೆ ಹೇಗೆ ಸತ್ಯವೋ ಮನೆಯ ಮಾಳಿಗೆಗೂ ಹಾಗೆಯೇ ಸತ್ಯ.

ಅಮೆರಿಕದಲ್ಲಿ ಬಾಪು ಅವರು ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯೊಂದಿಗೆ ಸಂಶೋಧನೆ ಕೈಗೊಂಡರು. ಸೂರ್ಯನಂತಹ ಹಾಗೂ ಅದಕ್ಕಿಂತ ತಣ್ಣನೆಯ ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕ್ಯಾಲ್ಸಿಯಂಗೆ ಸಂಬಂಧಿಸಿದ ಕಪ್ಪು ಗೆರೆಯೊಂದರ ನಡುವೆ ಸಣ್ಣ ಪ್ರಕಾಶಮಾನವಾದ ಗೆರೆ ಕಾಣುತ್ತದೆ. ಆ ಗೆರೆಯ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ನಿಯತವಾದ ಸಂಬಂಧವಿದೆಯೆಂದು ಇವರಿಬ್ಬರೂ ತೋರಿಸಿಕೊಟ್ಟರು. ನಕ್ಷತ್ರದ ನಿಜವಾದ ಪ್ರಕಾಶ ತಿಳಿದರೆ, ಅದು ನಮಗೆ ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರಿಂದ ಅದರ ದೂರವನ್ನು ಲೆಕ್ಕ ಹಾಕಬಹುದು. 1957ರಲ್ಲಿ ಪ್ರಕಟವಾದ ಈ ಶೋಧವು ವಿಲ್ಸನ್-ಬಾಪು ಪರಿಣಾಮವೆಂದು ಜಗತ್ಪ್ರಸಿದ್ಧವಾಗಿದೆ.

ಸ್ವದೇಶಕ್ಕೆ ಮರಳಿಕೆ

ಪ್ರಪಂಚದ ಅತ್ಯುತ್ತಮ ದೂರದರ್ಶಕಗಳ ಬಳಿ ಕೆಲಸ ಮಾಡಿದ ಯುವ ವಿಜ್ಞಾನಿಗೆ ಅಮೆರಿಕದಲ್ಲಿಯೇ ಉಳಿಯುವುದು ಕಷ್ಟವೇನೂ ಆಗಿರಲಿಲ್ಲ. ಆದರೂ ಬಾಪು ಅವರು 1953ರಲ್ಲಿ ಭಾರತಕ್ಕೆ ಮರಳಿದರು. ಆಗ ದೇಶದಲ್ಲಿ ನಕ್ಷತ್ರಗಳ ಸಂಶೋಧನೆಗೆ ತಕ್ಕ ಆಧುನಿಕ ದೂರದರ್ಶಕ ಒಂದೂ ಇರಲಿಲ್ಲ. 1954ರಲ್ಲಿ ಉತ್ತರ ಪ್ರದೇಶ ಸರ್ಕಾರವು ವಾರಾಣಸಿಯಲ್ಲಿ ಆರಂಭಿಸಿದ್ದ ಹೊಸ ವೀಕ್ಷಣಾಲಯದ ಹೊಣೆಯನ್ನು ಅವರಿಗೆ ವಹಿಸಲಾಯಿತು. ಬಯಲು ಸೀಮೆಯ ಧೂಳು ಮತ್ತು ನಗರದ ಬೆಳಕು ವೀಕ್ಷಣೆಗೆ ಅಡ್ಡಿಯಾದ ಕಾರಣ ವೀಕ್ಷಣಾಲಯವನ್ನು ನೈನಿತಾಲ್ ಬೆಟ್ಟಗಳಿಗೆ ಸ್ಥಳಾಂತರಿಸಲಾಯಿತು. ಉಪಕರಣಕ್ಕಿಂತ ಮೊದಲು ಸ್ಥಳವನ್ನು ಆರಿಸಬೇಕೆಂಬ ನಿಯಮವು ಇಲ್ಲಿಂದಲೇ ಅವರ ಕಾರ್ಯಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1960ರಲ್ಲಿ ಬಾಪು ಅವರು ತಮಿಳುನಾಡಿನ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾಗಿ ನೇಮಕಗೊಂಡರು. 1899ರಲ್ಲಿ ಸ್ಥಾಪನೆಯಾದ ಈ ವೀಕ್ಷಣಾಲಯವು ಸೂರ್ಯನ ಅಧ್ಯಯನಕ್ಕೆ ಹೆಸರಾಗಿತ್ತು. ಆದರೆ ಅಲ್ಲಿಯ ಮೋಡ ಮತ್ತು ಮಂಜು ರಾತ್ರಿಯ ವೀಕ್ಷಣೆಗೆ ಅನುಕೂಲಕರವಾಗಿರಲಿಲ್ಲ. ಅವರು ಕೊಡೈಕೆನಾಲಿನ ಸೌರ ಸಂಶೋಧನೆಯನ್ನು ಬಲಪಡಿಸಿದರು. ಅದರೊಂದಿಗೆ ನಕ್ಷತ್ರಗಳ ವೀಕ್ಷಣೆಗಾಗಿ ದಕ್ಷಿಣ ಭಾರತದಲ್ಲಿ ಬೇರೊಂದು ಸ್ಥಳವನ್ನು ಹುಡುಕುವ ಕಾರ್ಯವನ್ನು ಕೈಗೊಂಡರು.

ಕವಲೂರಿನ ಆಯ್ಕೆ

ಹುಡುಕಾಟದ ಫಲವಾಗಿ ಆಯ್ಕೆಯಾದುದು ತಮಿಳುನಾಡಿನ ಜವ್ವಾದು ಬೆಟ್ಟಗಳ ನಡುವಿನ ಕವಲೂರು ಎಂಬ ಚಿಕ್ಕ ಗ್ರಾಮ. ಸಮುದ್ರ ಮಟ್ಟದಿಂದ ಇದರ ಎತ್ತರ ಸುಮಾರು 725 ಮೀಟರ್. ಹಿಮಾಲಯದ ಶಿಖರಗಳಿಗೆ ಹೋಲಿಸಿದರೆ ಇದು ಸಾಮಾನ್ಯ ಎತ್ತರವೇ. ಆದರೆ ಕಾಡಿನ ಮಧ್ಯದ ಕತ್ತಲೆ ಮತ್ತು ದಕ್ಷಿಣದ ಅಕ್ಷಾಂಶಗಳು ಈ ಸ್ಥಳಕ್ಕೆ ಮಹತ್ವ ತಂದವು. ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿಂದ ಉತ್ತರ ಮತ್ತು ದಕ್ಷಿಣ ಎರಡೂ ಆಕಾಶಾರ್ಧಗಳ ಬಹುಭಾಗವನ್ನು ನೋಡಬಹುದು.

ಸ್ಥಳ ದೊರೆತ ನಂತರ ಬಂದುದು ದೂರದರ್ಶಕದ ಪ್ರಶ್ನೆ. ಮೊದಲ ಬಾರಿಗೇ ಭಾರಿ ಉಪಕರಣಕ್ಕಾಗಿ ಕಾಯದೆ, ಸಂಸ್ಥೆಯ ಸ್ವಂತ ಕಾರ್ಯಾಗಾರದಲ್ಲಿಯೇ ತಯಾರಿಸಿದ 38 ಸೆಂ.ಮೀ. ವ್ಯಾಸದ ಪ್ರತಿಫಲನ ದೂರದರ್ಶಕದಿಂದ 1968ರಲ್ಲಿ ಕವಲೂರಿನಲ್ಲಿ ವೀಕ್ಷಣೆಯನ್ನು ಆರಂಭಿಸಲಾಯಿತು. ಬಾಪು ಅವರು ಬೆಳೆದ ನಿಜಾಮಿಯಾ ವೀಕ್ಷಣಾಲಯದ ಮಸೂರದ ದೂರದರ್ಶಕದ ವ್ಯಾಸವೂ 38 ಸೆಂ.ಮೀ. ಎಂಬುದನ್ನು ಇಲ್ಲಿ ನೆನೆಯಬಹುದು. ಅದು ಶ್ರೀಮಂತರೊಬ್ಬರು ವಿದೇಶದಿಂದ ಕೊಂಡು ತಂದದ್ದು. ಇದು ಸ್ವಂತ ಕೈಗಳಿಂದ ಮಾಡಿದ್ದು. ವ್ಯಾಸವು ಒಂದೇ ಆದರೂ ಎರಡರ ನಡುವೆ ದೇಶವು ಕ್ರಮಿಸಿದ ದಾರಿ ದೀರ್ಘವಾದುದು.

ಒಂದು ಮೀಟರ್ ದೂರದರ್ಶಕ

ಮುಂದಿನ ಹೆಜ್ಜೆಯಾಗಿ 1972ರಲ್ಲಿ ಅಂದಿನ ಪೂರ್ವ ಜರ್ಮನಿಯ ಕಾರ್ಲ್ ಝೈಸ್ ಸಂಸ್ಥೆಯಿಂದ ಪಡೆದ ಸುಮಾರು ಒಂದು ಮೀಟರ್ ವ್ಯಾಸದ ಪ್ರತಿಫಲನ ದೂರದರ್ಶಕವನ್ನು ಕವಲೂರಿನಲ್ಲಿ ಸ್ಥಾಪಿಸಲಾಯಿತು. ದೂರದರ್ಶಕವು ಸಂಗ್ರಹಿಸುವ ಬೆಳಕು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದ್ದರಿಂದ 38 ಸೆಂ.ಮೀ. ಕನ್ನಡಿಗಿಂತ ಇದು ಸುಮಾರು ಏಳು ಪಟ್ಟು ಹೆಚ್ಚು ಬೆಳಕನ್ನು ಕೂಡಿಸುತ್ತದೆ.

ಸ್ಥಾಪನೆಯಾದ ವರ್ಷವೇ, 1972ರ ಜೂನ್ 7ರಂದು, ಗುರುಗ್ರಹದ ಉಪಗ್ರಹವಾದ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದ ಅಪರೂಪದ ಘಟನೆಯನ್ನು ಇಲ್ಲಿಂದ ದಾಖಲಿಸಲಾಯಿತು. ಆ ಉಪಗ್ರಹಕ್ಕೆ ವಾತಾವರಣವಿರಬಹುದೆಂಬ ಸೂಚನೆ ಅದರಿಂದ ದೊರೆಯಿತು. ಆ ವಾತಾವರಣವು ಅತ್ಯಂತ ವಿರಳವಾದುದೆಂದು ನಂತರದ ಬಾಹ್ಯಾಕಾಶ ನೌಕೆಗಳ ವೀಕ್ಷಣೆಗಳಿಂದ ತಿಳಿದುಬಂದಿದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ನಕ್ಷತ್ರವೊಂದರ ಮುಂದೆ ಹಾದುಹೋಗುವ ಸಂದರ್ಭದಲ್ಲಿ, ಗ್ರಹವು ಸಮೀಪಿಸುವ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿದ್ದು ಕವಲೂರಿನಲ್ಲಿಯೂ ದಾಖಲಾಯಿತು. ಯುರೇನಸ್ಸಿಗೆ ಉಂಗುರಗಳಿರುವುದನ್ನು ಜಗತ್ತಿಗೆ ತಿಳಿಸಿದ ಅಂದಿನ ವೀಕ್ಷಣೆಗಳಲ್ಲಿ ಇದಕ್ಕೂ ಸ್ಥಾನವಿದೆ. ಈ ದೂರದರ್ಶಕವು 2022ರಲ್ಲಿ ಐವತ್ತು ವರ್ಷಗಳ ಸೇವೆಯನ್ನು ಪೂರೈಸಿತು.

ಬೆಂಗಳೂರು ಮತ್ತು 2.34 ಮೀಟರ್ ಕನ್ನಡಿ

1971ರಲ್ಲಿ ಕೊಡೈಕೆನಾಲ್ ಮತ್ತು ಕವಲೂರು ಕೇಂದ್ರಗಳನ್ನು ಒಳಗೊಂಡು ಭಾರತೀಯ ಖಭೌತ ಸಂಸ್ಥೆಯನ್ನು ಸ್ವಾಯತ್ತ ಸಂಸ್ಥೆಯಾಗಿ ರೂಪಿಸಲಾಯಿತು. ಬಾಪು ಅವರು ಇದರ ನಿರ್ದೇಶಕರಾದರು. ಮುಂದೆ ಸಂಸ್ಥೆಯ ಕೇಂದ್ರ ಕಚೇರಿಯು ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಗೊಂಡಿತು. ಹೀಗೆ ಹೈದರಾಬಾದಿನಲ್ಲಿ ಆರಂಭವಾದ ಅವರ ಪಯಣವು ಕರ್ನಾಟಕದ ರಾಜಧಾನಿಯನ್ನು ತಲುಪಿತು.

ಈ ವೇಳೆಗೆ ಬಾಪು ಅವರ ಮುಂದಿದ್ದುದು ಜೀವಮಾನದ ಅತಿ ದೊಡ್ಡ ಆಯ್ಕೆ. ದೇಶಕ್ಕೆ ಎರಡು ಮೀಟರಿಗಿಂತ ದೊಡ್ಡ ದೂರದರ್ಶಕ ಬೇಕಾಗಿತ್ತು. ಸಿದ್ಧ ದೂರದರ್ಶಕವನ್ನು ಆಮದು ಮಾಡಿಕೊಂಡರೆ ಕೆಲಸ ಬೇಗನೆ ಮುಗಿಯುತ್ತದೆ, ಆದರೆ ವಿದೇಶಿ ವಿನಿಮಯದ ವೆಚ್ಚ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಕಲಿಕೆ ದೇಶದೊಳಗೆ ಉಳಿಯುವುದಿಲ್ಲ. ಇಲ್ಲಿಯೇ ನಿರ್ಮಿಸಿದರೆ ಕಾಲ ಹೆಚ್ಚು ಹಿಡಿಯುತ್ತದೆ, ತಪ್ಪುಗಳಾಗುವ ಸಂಭವವೂ ಉಂಟು. ಆದರೆ ಕನ್ನಡಿ ಉಜ್ಜುವ, ಯಂತ್ರಭಾಗ ರೂಪಿಸುವ, ನಿಯಂತ್ರಣ ವ್ಯವಸ್ಥೆ ಕಟ್ಟುವ ಕೌಶಲ್ಯಗಳು ಶಾಶ್ವತವಾಗಿ ದೇಶಕ್ಕೆ ದಕ್ಕುತ್ತವೆ. ಬಾಪು ಅವರು ಎರಡನೆಯ ದಾರಿಯನ್ನು ಆರಿಸಿದರು.

2.34 ಮೀಟರ್ ವ್ಯಾಸದ ಕನ್ನಡಿಗೆ ಬೇಕಾದ, ಉಷ್ಣತೆಯ ಏರಿಳಿತಕ್ಕೆ ಅತ್ಯಲ್ಪವಾಗಿ ಮಾತ್ರ ಹಿಗ್ಗುವ ವಿಶೇಷ ಗಾಜಿನ ಬಿಲ್ಲೆಯನ್ನು ವಿದೇಶದಿಂದ ತರಿಸಲಾಯಿತು. ಅದನ್ನು ಉಜ್ಜಿ, ನಯಗೊಳಿಸಿ, ನಿಖರವಾದ ಬಾಗು ನೀಡುವ ಕಾರ್ಯವು ಬೆಂಗಳೂರಿನಲ್ಲಿ ಸಂಸ್ಥೆಯ ಪ್ರಯೋಗಾಲಯದಲ್ಲಿ, ಎ.ಪಿ. ಜಯರಾಜನ್ ಅವರ ನೇತೃತ್ವದಲ್ಲಿ ನಡೆಯಿತು. ಇಂತಹ ಕನ್ನಡಿಯ ಮೇಲ್ಮೈಯಲ್ಲಿ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಉಬ್ಬುತಗ್ಗು ಇದ್ದರೂ ಚಿತ್ರವು ಕೆಡುತ್ತದೆ. ಸ್ವಲ್ಪ ಉಜ್ಜುವುದು, ಗಾಜು ತಣ್ಣಗಾಗುವವರೆಗೆ ಕಾಯುವುದು, ಪರೀಕ್ಷಿಸುವುದು, ಮತ್ತೆ ಉಜ್ಜುವುದು, ಹೀಗೆ ವರ್ಷಗಟ್ಟಲೆ ಸಾಗುವ ಕೆಲಸವಿದು. ಹೆಚ್ಚಾಗಿ ಉಜ್ಜಿದ ಗಾಜನ್ನು ಮರಳಿ ಅಂಟಿಸಲಾಗದು. ಆದ್ದರಿಂದ ಆತುರಕ್ಕೆ ಅವಕಾಶವೇ ಇಲ್ಲ. ದೂರದರ್ಶಕದ ಉಕ್ಕಿನ ಚೌಕಟ್ಟನ್ನು ಮಹಾರಾಷ್ಟ್ರದ ವಾಲ್ಚಂದ್‌ನಗರ ಕೈಗಾರಿಕಾ ಸಂಸ್ಥೆಯು ತಯಾರಿಸಿತು.

ಅಂತಿಮ ದಿನಗಳು

ಬಾಪು ಅವರಿಗೆ 1970ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ, 1981ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ ಸಂದವು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಈ ಗೌರವವನ್ನು ಪಡೆದ ಮೊದಲ ಭಾರತೀಯರು ಅವರೇ.

1982ರ ಆಗಸ್ಟ್ ತಿಂಗಳಿನಲ್ಲಿ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ಒಕ್ಕೂಟದ ಮಹಾಧಿವೇಶನ ನಡೆಯುವುದಿತ್ತು. ಅಧ್ಯಕ್ಷರಾಗಿ ಅದನ್ನು ನಡೆಸಿಕೊಡಬೇಕಾಗಿದ್ದ ಬಾಪು ಅವರು ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿ, 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಿಧನರಾದರು. ಆಗ ಅವರಿಗೆ 55 ವರ್ಷ ವಯಸ್ಸು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದ್ದ ಕನ್ನಡಿಯ ಮೂಲಕ ನಕ್ಷತ್ರವೊಂದನ್ನು ನೋಡುವ ಭಾಗ್ಯವು ಅವರಿಗೆ ಒದಗಲಿಲ್ಲ.

ಆದರೆ ಕೆಲಸ ನಿಲ್ಲಲಿಲ್ಲ. ಸಿದ್ಧ ಉಪಕರಣವನ್ನು ಕೊಂಡಿದ್ದರೆ ಒಂದು ಯಂತ್ರ ಮಾತ್ರ ಉಳಿಯುತ್ತಿತ್ತು. ನಿರ್ಮಿಸುವ ದಾರಿಯನ್ನು ಆರಿಸಿದ್ದರಿಂದ ಕೆಲಸ ಬಲ್ಲ ತಂಡವೊಂದು ಉಳಿದಿತ್ತು. ಜೆ.ಸಿ. ಭಟ್ಟಾಚಾರ್ಯ ಅವರ ನಿರ್ದೇಶನದಲ್ಲಿ ಆ ತಂಡವು ಯೋಜನೆಯನ್ನು ಪೂರ್ಣಗೊಳಿಸಿತು. 1985ರ ನವೆಂಬರ್‌ನಲ್ಲಿ ದೂರದರ್ಶಕವು ಮೊದಲ ಬಾರಿಗೆ ಆಕಾಶದ ಬೆಳಕನ್ನು ಕಂಡಿತು. 1986ರ ಜನವರಿ 6ರಂದು ಅಂದಿನ ಪ್ರಧಾನಮಂತ್ರಿ ಶ್ರೀ ರಾಜೀವ್ ಗಾಂಧಿಯವರು ವೀಕ್ಷಣಾಲಯಕ್ಕೂ ದೂರದರ್ಶಕಕ್ಕೂ ವೈನು ಬಾಪು ಅವರ ಹೆಸರನ್ನಿಟ್ಟು ರಾಷ್ಟ್ರಕ್ಕೆ ಸಮರ್ಪಿಸಿದರು. 2016ರಲ್ಲಿ ಉತ್ತರಾಖಂಡದ ದೇವಸ್ಥಲದಲ್ಲಿ 3.6 ಮೀಟರ್ ದೂರದರ್ಶಕ ಸ್ಥಾಪನೆಯಾಗುವವರೆಗೆ ಇದೇ ಭಾರತದ ಅತಿ ದೊಡ್ಡ ದೂರದರ್ಶಕವಾಗಿತ್ತು. 2596 ಸಂಖ್ಯೆಯ ಕ್ಷುದ್ರಗ್ರಹವೊಂದಕ್ಕೂ ವೈನು ಬಾಪು ಎಂದು ಹೆಸರಿಡಲಾಗಿದೆ.

ದೂರದರ್ಶಕವನ್ನು ಆರಿಸುವ ಹವ್ಯಾಸಿಗಳಿಗೆ ಮಾಹಿತಿ

ಬಾಪು ಅವರು ಅನುಸರಿಸಿದ ಕ್ರಮವೆಂದರೆ ಮೊದಲು ಕಣ್ಣಿನ ಅಭ್ಯಾಸ, ನಂತರ ಸ್ಥಳ, ಅನಂತರ ಚಿಕ್ಕ ಕನ್ನಡಿ, ಕೊನೆಯಲ್ಲಿ ದೊಡ್ಡ ಕನ್ನಡಿ. ಇದೇ ಕ್ರಮವು ಹವ್ಯಾಸಿಗಳಿಗೂ ಅನ್ವಯಿಸುತ್ತದೆ. ಆಸಕ್ತರು ಈ ಕೆಳಕಂಡ ಅಂಶಗಳನ್ನು ಗಮನಿಸಬಹುದು.

1. ಆಕಾಶದ ಪರಿಚಯ: ದೂರದರ್ಶಕ ಕೊಳ್ಳುವ ಮೊದಲು ಕೆಲವು ತಿಂಗಳು ಬರಿಗಣ್ಣಿನಿಂದ ನಕ್ಷತ್ರಪುಂಜಗಳನ್ನು ಗುರುತಿಸುವುದನ್ನು ಕಲಿಯುವುದು ಒಳ್ಳೆಯದು. 50 ಮಿ.ಮೀ. ಮಸೂರದ ಸಾಧಾರಣ ಬೈನಾಕ್ಯುಲರ್ ಇದ್ದಲ್ಲಿ ಕೃತ್ತಿಕೆಯ ಗುಂಪು, ಚಂದ್ರನ ಕುಳಿಗಳು ಮತ್ತು ಗುರುವಿನ ಉಪಗ್ರಹಗಳ ಪರಿಚಯವಾಗುತ್ತದೆ.

2. ಸ್ಥಳ: ಬೀದಿದೀಪದ ಬೆಳಕು ನೇರವಾಗಿ ಬೀಳದ ಬಯಲು ಉತ್ತಮ. ಹಗಲೆಲ್ಲಾ ಕಾದ ಸಿಮೆಂಟಿನ ಮಾಳಿಗೆಯಿಂದ ಏಳುವ ಬಿಸಿಗಾಳಿಯು ಚಿತ್ರವನ್ನು ಅಲುಗಿಸುತ್ತದೆ. ಹೊಲದ ಅಂಚು ಅಥವಾ ಮಣ್ಣಿನ ಅಂಗಳ ಇದಕ್ಕಿಂತ ವಾಸಿ. ಬೀದರ್ ಜಿಲ್ಲೆಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗಿನ ಅಮಾವಾಸ್ಯೆಯ ಸುತ್ತಲಿನ ರಾತ್ರಿಗಳು ಅನುಕೂಲಕರ.

3. ಕನ್ನಡಿಯ ವ್ಯಾಸ: ಕೊಳ್ಳುವಾಗ ಮೊದಲು ಕೇಳಬೇಕಾದುದು ವರ್ಧನೆಯನ್ನಲ್ಲ, ಮುಖ್ಯ ಕನ್ನಡಿಯ ವ್ಯಾಸವನ್ನು. 150 ಮಿ.ಮೀ. ಕನ್ನಡಿಯು 75 ಮಿ.ಮೀ. ಮಸೂರಕ್ಕಿಂತ ನಾಲ್ಕು ಪಟ್ಟು ಹೆಚ್ಚು ಬೆಳಕನ್ನು ಪಡೆಯುತ್ತದೆ. ಸಾಮಾನ್ಯವಾಗಿ 114, 130, 150 ಮತ್ತು 200 ಮಿ.ಮೀ. ಅಳತೆಗಳು ದೊರೆಯುತ್ತವೆ. ಮೊದಲ ಬಾರಿಗೆ ಕೊಳ್ಳುವವರಿಗೆ 130 ಅಥವಾ 150 ಮಿ.ಮೀ. ಸಾಕಾಗುತ್ತದೆ. 200 ಮಿ.ಮೀ. ದೂರದರ್ಶಕದಲ್ಲಿ ಹೆಚ್ಚು ಕಂಡರೂ ಅದರ ಗಾತ್ರ ಮತ್ತು ತೂಕವನ್ನು ಯೋಚಿಸಬೇಕು. ಹೊರಗೆ ತರಲು ಬೇಸರವಾಗುವ ದೊಡ್ಡ ದೂರದರ್ಶಕಕ್ಕಿಂತ ಪ್ರತಿ ರಾತ್ರಿ ಹೊರಬರುವ ಚಿಕ್ಕದು ಮೇಲು.

4. ವರ್ಧನೆ: ವರ್ಧನೆಯನ್ನು ತಿಳಿಯಲು ಕನ್ನಡಿಯ ಸಂಗಮದೂರವನ್ನು ನೇತ್ರಮಸೂರದ ಸಂಗಮದೂರದಿಂದ ಭಾಗಿಸಬೇಕು. ಉದಾಹರಣೆಗೆ 1200 ಮಿ.ಮೀ. ಸಂಗಮದೂರದ ಕನ್ನಡಿಗೆ 25 ಮಿ.ಮೀ. ನೇತ್ರಮಸೂರ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು ವರ್ಧನೆ ಸಿಗುತ್ತದೆ. ಉಪಯುಕ್ತ ವರ್ಧನೆಯ ಮಿತಿಯು ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು ಎರಡು ಪಟ್ಟು. ಆದ್ದರಿಂದ ಚಿಕ್ಕ ದೂರದರ್ಶಕದ ಪೆಟ್ಟಿಗೆಯ ಮೇಲೆ 500 ಅಥವಾ 600 ಪಟ್ಟು ಎಂದು ಮುದ್ರಿಸಿದ್ದಲ್ಲಿ ಅದನ್ನು ನಂಬಿ ಹಣ ತೆರಬಾರದು.

5. ಪೀಠ: ಅಲುಗಾಡುವ ಮೂರು ಕಾಲಿನ ಸ್ಟ್ಯಾಂಡು ಒಳ್ಳೆಯ ಕನ್ನಡಿಯನ್ನೂ ನಿರುಪಯುಕ್ತಗೊಳಿಸುತ್ತದೆ. ಡಾಬ್ಸೋನಿಯನ್ ಎಂಬ ಮರದ ಪೀಠವು ಸರಳ, ಸ್ಥಿರ ಮತ್ತು ಅಗ್ಗ. ಸ್ಥಳೀಯ ಬಡಗಿಗಳ ನೆರವಿನಿಂದಲೂ ಇದನ್ನು ಮಾಡಿಸಿಕೊಳ್ಳಬಹುದು.

6. ಕನ್ನಡಿಯ ಗುಣ: ಸಂಗಮದೂರ ಕಡಿಮೆಯಿರುವ ದೂರದರ್ಶಕಗಳಲ್ಲಿ ಮುಖ್ಯ ಕನ್ನಡಿಯು ಪ್ಯಾರಾಬೋಲಾ ಆಕಾರದ್ದೇ ಎಂದು ಮಾರಾಟಗಾರರಲ್ಲಿ ವಿಚಾರಿಸಬೇಕು. ಗೋಳಾಕಾರದ ಕನ್ನಡಿಯಾಗಿದ್ದಲ್ಲಿ ಚಿತ್ರವು ಮಸುಕಾಗುತ್ತದೆ.

7. ಪಾಲನೆ: ಪ್ರತಿಫಲನ ದೂರದರ್ಶಕದ ಎರಡೂ ಕನ್ನಡಿಗಳನ್ನು ಆಗಾಗ ಸರಿಯಾದ ನೇರಕ್ಕೆ ಹೊಂದಿಸಬೇಕಾಗುತ್ತದೆ. ಇದು ಸ್ವಲ್ಪ ಅಭ್ಯಾಸದಿಂದ ಬರುವ ಕೆಲಸ. ಕನ್ನಡಿಯ ಅಲ್ಯೂಮಿನಿಯಂ ಲೇಪನವು ಅತಿ ತೆಳುವಾದುದರಿಂದ ಬಟ್ಟೆಯಿಂದ ಒರೆಸಬಾರದು. ಬಳಸದ ವೇಳೆ ಮುಚ್ಚಿಡಬೇಕು. ವೀಕ್ಷಣೆಗೆ ಅರ್ಧ ಗಂಟೆ ಮುಂಚೆ ಹೊರಗಿಟ್ಟು ಕನ್ನಡಿ ತಣಿಯಲು ಬಿಡಬೇಕು.

8. ನಿರೀಕ್ಷೆ: ಚಂದ್ರನ ಬೆಟ್ಟಗಳು, ಶನಿಯ ಉಂಗುರ, ಗುರುವಿನ ಪಟ್ಟೆಗಳು ಇಂತಹ ದೂರದರ್ಶಕಗಳಲ್ಲಿ ಚೆನ್ನಾಗಿ ಕಾಣುತ್ತವೆ. ನೀಹಾರಿಕೆ ಮತ್ತು ಗೆಲಾಕ್ಸಿಗಳು ಛಾಯಾಚಿತ್ರಗಳಲ್ಲಿರುವಂತೆ ಬಣ್ಣ ಬಣ್ಣವಾಗಿ ಕಾಣದೆ ಮಂಕಾದ ಬೆಳ್ಳನೆಯ ಮೋಡದಂತೆ ಕಾಣುತ್ತವೆ. ಚಿತ್ರವು ತಲೆಕೆಳಗಾಗಿರುವುದೂ ದೋಷವಲ್ಲ.

ವಿಶೇಷ ಸೂಚನೆ: ದೂರದರ್ಶಕ ಅಥವಾ ಬೈನಾಕ್ಯುಲರ್ ಮೂಲಕ ಸೂರ್ಯನನ್ನು ಯಾವ ಕಾರಣಕ್ಕೂ ನೋಡಬಾರದು. ಇದರಿಂದ ಕ್ಷಣಮಾತ್ರದಲ್ಲಿ ಶಾಶ್ವತ ಕುರುಡುತನ ಉಂಟಾಗಬಹುದು. ಮಕ್ಕಳು ಬಳಸುವಾಗ ಹಿರಿಯರು ಜೊತೆಗಿರತಕ್ಕದ್ದು.

ಉಪಸಂಹಾರ

2.34 ಮೀಟರ್ ಕನ್ನಡಿಯು ಮನುಷ್ಯನ ಕಣ್ಣಿಗಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಮನೆಯಂಗಳದ 150 ಮಿ.ಮೀ. ಕನ್ನಡಿಯು ಸುಮಾರು ನಾನೂರೈವತ್ತು ಪಟ್ಟು ಸಂಗ್ರಹಿಸುತ್ತದೆ. ಪ್ರಮಾಣದಲ್ಲಿ ಅಂತರ ದೊಡ್ಡದು, ಆದರೆ ಎರಡೂ ಕೆಲಸ ಮಾಡುವ ತತ್ವ ಒಂದೇ. ಬಾಪು ಅವರ ಜೀವನವು ಆರಂಭವಾದುದು ಚಂಚಲ ತಾರೆಗಳನ್ನು ನೋಡಿ ದಿನಚರಿಯಲ್ಲಿ ಬರೆದಿಡುವ ಹವ್ಯಾಸದಿಂದ. ಭಾತಂಬ್ರಾ, ಭಾಲ್ಕಿ, ಔರಾದ್ ಭಾಗಗಳ ವಿದ್ಯಾರ್ಥಿಗಳಿಗೆ ಅಂತಹ ಆರಂಭಕ್ಕೆ ಬೇಕಾದ ಆಕಾಶವು ಇಂದಿಗೂ ಲಭ್ಯವಿದೆ. ತಾವು ಕೊಳ್ಳುವ ಅಥವಾ ಮಾಡಿಸಿಕೊಳ್ಳುವ ದೂರದರ್ಶಕ ಎಷ್ಟೇ ಚಿಕ್ಕದಾಗಿರಲಿ, ಅದರ ಪಕ್ಕದಲ್ಲಿ ಒಂದು ನೋಟ್‌ಪುಸ್ತಕವನ್ನಿಟ್ಟುಕೊಂಡು, ಕಂಡದ್ದನ್ನು ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡುವುದೇ ಈ ಮಹನೀಯರಿಗೆ ಸಲ್ಲಿಸುವ ತಕ್ಕ ಗೌರವವಾಗಿದೆ.